ನೂಲು ಎಸೆಯಬಾರದು

ಕಳೆದ ವಾರ ನಮ್ಮ ಸ್ಟಾಫ್ ರೂಮಿನಲ್ಲಿ, ಹೊಸದಾಗಿ ಬಂದಿರುವ ಮೇಡಂ ಒಬ್ಬರು ಚೀಲದಿಂದ ಕೆಂಪು ಉಲ್ಲನ್ ದಾರದ ಉಂಡೆ ತೆಗೆದು, “ಸಾರ್, ಮಕ್ಕಳಿಗೆ ಒಂದು ಆಟ ಆಡಿಸೋಣ ಅಂತಿದೀನಿ, ಹಿಡೀರಿ” ಎಂದು ನನ್ನ ಕಡೆಗೆ ಎಸೆದರು. ನಾನು ಹಿಡಿಯಲಿಲ್ಲ. ಉಂಡೆ ನನ್ನ ಎದೆಗೆ ಬಡಿದು, ಹಾಜರಿ ಪುಸ್ತಕದ ಮೇಲೆ ಬಿದ್ದು, ಟೇಬಲ್ಲಿನಿಂದ ಉರುಳಿ ಬೀರುವಿನ ಅಡಿಗೆ ಹೋಯಿತು. “ನೂಲು ಎಸೀಬಾರದು ಮೇಡಂ” ಎಂದೆ. ದನಿ ನನಗೇ ಸ್ವಲ್ಪ ಗಡುಸಾಗಿ ಕೇಳಿತು. “ಯಾಕೆ ಸಾರ್, ಈ ಆಟ ಇರೋದೇ ಹಾಗಲ್ವಾ?” ಎಂದು ಅವರು ಪೆಚ್ಚಾಗಿ ನಿಂತರು. ಯಾಕೆ ಎಂದು ಹೇಳಲು ಅರ್ಧ ಗಂಟೆಯಾದರೂ ಬೇಕಿತ್ತು. ಅಷ್ಟರಲ್ಲಿ ಮೂರನೇ ಪೀರಿಯಡ್ಡಿನ ಗಂಟೆ ಹೊಡೆಯಿತು. ಬೀರುವಿನ ಅಡಿಗೆ ಕೈ ಹಾಕಿ ಉಂಡೆ ತೆಗೆದು, ಧೂಳು ಕೊಡವಿ, ನಡೆದು ಹೋಗಿ ಅವರ ಕೈಗೆ ಕೊಟ್ಟು ತರಗತಿಗೆ ಹೋದೆ. ಆದರೆ ಅವತ್ತು ಪೂರ್ತಿ ನನ್ನ ತಲೆಯಲ್ಲಿ ಇದ್ದದ್ದು ನಾಲ್ಕು ವರ್ಷದ ಹಿಂದಿನ ಒಂದು ಚಿತ್ತೆ ಮಳೆ, ಒಂದು ರೇಷ್ಮೆ ಉಂಡೆ ಮತ್ತು ಸೆಲ್ವಿ ಎಂಬ ಹುಡುಗಿ.

ಈಗ ನಾನಿರುವುದು ಯಳಂದೂರು ತಾಲ್ಲೂಕಿನ ಅಗರದ ಕಡೆ. ಆಗ ಇದ್ದದ್ದು ಹನೂರು ತಾಲ್ಲೂಕು, ಶಾಗ್ಯದ ಆಚೆಗಿನ ಒಂದು ಸರ್ಕಾರಿ ಶಾಲೆಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿನ ಮಕ್ಕಳು ಓದಿ, “ನಮ್ ಲೆಕ್ಕದ ಸಾ ನಮ್ನೆಲ್ಲ ಪುಸ್ತಕಕ್ಕೆ ಆಕ್ಬುಟ್ರು” ಎಂದು ಫೋನು ಮಾಡುತ್ತಾರೆ. ನನ್ನ ಸ್ವಂತ ಊರು ಕೊಳ್ಳೇಗಾಲ, ನೇಕಾರರ ಮನೆ. ಅಪ್ಪ ಇದ್ದಾಗ ನಡುಮನೆಯಲ್ಲಿ ಎರಡು ಮಗ್ಗ ಇದ್ದವು, ಈಗ ಅವ್ವನದೊಂದೇ. ವಾರವೆಲ್ಲ ಹನೂರಿನ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನ ಕೊಳ್ಳೇಗಾಲದ ಬಸ್ಸು ಹತ್ತುತ್ತಿದ್ದೆ.

ಆ ಕಾಲಕ್ಕೆ ನನಗೆ ಒಂದು ದೊಡ್ಡ ಹೆಮ್ಮೆ ಇತ್ತು. ಹದಿನಾಲ್ಕು ವರ್ಷದ ಸರ್ವಿಸ್ಸಿನಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿದವನಲ್ಲ ಎಂದು ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದೆ. ಅದು ನಿಜವೇ. ಹೊಡೆಯುವ ಕೆಲಸವನ್ನೆಲ್ಲ ನಾಲಿಗೆಗೆ ಒಪ್ಪಿಸಿಬಿಟ್ಟಿದ್ದೆ, ಅಷ್ಟೆ. ಭಾಗಾಕಾರ ತಪ್ಪಿದವನಿಗೆ “ಏನಪ್ಪ, ಶೇಷವೆಲ್ಲ ನಿನ್ನ ತಲೆಯಲ್ಲೇ ಉಳಿದುಬಿಟ್ಟಿದೆಯಲ್ಲ” ಎನ್ನುತ್ತಿದ್ದೆ. ತಡವಾಗಿ ಬಂದವಳಿಗೆ “ಬಾರಮ್ಮ, ನಿನಗೋಸ್ಕರ ಗಂಟೆ ಹೊಡೆಯದೆ ಕಾಯ್ತಾ ಇದ್ದೆವು” ಎನ್ನುತ್ತಿದ್ದೆ. ಒಬ್ಬರಿಗೆ ಚುಚ್ಚಿದರೆ ಉಳಿದ ಇಪ್ಪತ್ತೊಂದು ಮಕ್ಕಳು ನಗುತ್ತಿದ್ದರು. ಆ ನಗುವನ್ನು ನಾನು ಪಾಠ ಚೆನ್ನಾಗಿ ನಡೆಯುತ್ತಿರುವ ಗುರುತು ಎಂದುಕೊಂಡಿದ್ದೆ. ನಾಲಿಗೆಗೆ ಮೂಳೆ ಇಲ್ಲ ಎಂದು ಅವ್ವ ಹೇಳುತ್ತಲೇ ಇದ್ದಳು. ನನ್ನದಕ್ಕೆ ಮೂಳೆ ಇಲ್ಲದಿದ್ದರೂ ಮುಳ್ಳಿತ್ತು.

ಆ ವರ್ಷದ ಆಗಸ್ಟಿನಲ್ಲಿ ಹನೂರಿನಲ್ಲಿ ಮೂರು ದಿನದ ತರಬೇತಿ ನಡೆಯಿತು. ಮಕ್ಕಳು ತಮ್ಮ ಮನಸ್ಸನ್ನು ತಾವು ತಿಳಿಯಬೇಕು, ಇನ್ನೊಬ್ಬರ ಮನಸ್ಸನ್ನೂ ತಿಳಿಯಬೇಕು. ಅದಕ್ಕೆ ತರಗತಿಯಲ್ಲೇ ಆಡಿಸುವ ಆಟಗಳು ಎಂದು ಹೇಳಿದರು. ಕೊರಳಿಗೆ ಸೀಟಿ ಹಾಕಿಕೊಂಡ ಎಳೆ ಹುಡುಗನೊಬ್ಬ ನಮ್ಮನ್ನೆಲ್ಲ ನೆಲದ ಮೇಲೆ ವೃತ್ತಾಕಾರವಾಗಿ ಕೂರಿಸಿದ. ನನ್ನ ಪಕ್ಕದಲ್ಲಿ ಮುಳ್ಳೂರಿನ ಡ್ರಿಲ್ ಮೇಷ್ಟ್ರು, ಇನ್ನೆರಡು ವರ್ಷಕ್ಕೆ ರಿಟೈರ್ ಆಗುವವರು. “ಮಂಡಿ ನೋವು ಅಂತ ಇವ್ರಿಗೆ ಎಂಗ್ ಏಳದು ಕಣ್ರಿ? ಈ ವಯಸ್ನಾಗೆ ಕುಂಟೆಬಿಲ್ಲೆ ಆಡುಸ್ತಾವ್ರಲ್ಲ” ಎಂದು ಅವರು ಪಿಸುಗುಟ್ಟಿದರು. ನನಗೆ ನಗು ತಡೆಯಲಾಗಲಿಲ್ಲ. ಮಧ್ಯಾಹ್ನದ ಊಟ ಚೆನ್ನಾಗಿತ್ತು ಎನ್ನುವುದೊಂದನ್ನು ಬಿಟ್ಟರೆ ಆ ತರಬೇತಿಯಿಂದ ಏನನ್ನೂ ತರದೆ ವಾಪಸು ಬಂದೆ.

ಆದರೆ ನಮ್ಮ ಹೆಡ್ ಮೇಡಂ ನಾಗರತ್ನಮ್ಮ ಬಿಡುವವರಲ್ಲ. ಸಣ್ಣ ದನಿಯ ಹೆಂಗಸು. ಜೋರು ಮಾಡಿದ್ದನ್ನು ಯಾರೂ ಕಂಡಿರಲಿಲ್ಲ, ಅವರು ಹೇಳಿದ ಕೆಲಸ ಆಗದೆ ಇದ್ದದ್ದನ್ನೂ ಕಂಡಿರಲಿಲ್ಲ. “ಸಾರ್, ನೀವು ನಗಾಡ್ಕೊಂಡಾದ್ರೂ ಮಾಡಿ. ಏಳನೇ ಕ್ಲಾಸು ನಿಮ್ದು” ಎಂದರು. ಸರಿ ಎಂದು ಹವಾಮಾನದ ಆಟ ಶುರು ಮಾಡಿದೆ. ಬೆಳಿಗ್ಗೆ ಹಾಜರಿ ಕೂಗುವಾಗ ಮಕ್ಕಳು ‘ಪ್ರೆಸೆಂಟ್ ಸಾ’ ಎನ್ನುವ ಬದಲು ಅವತ್ತಿನ ತಮ್ಮ ಮನಸ್ಸಿನ ಹವಾಮಾನ ಹೇಳಬೇಕು. ಬಿಸಿಲು, ಮೋಡ, ಮಳೆ, ಗುಡುಗು, ಯಾವುದಾದರೂ ಸರಿ. ಮಾದೇಶ ಎಂಬ ಹುಡುಗ ಮೈ ಸುಡುವ ಜ್ವರದಲ್ಲೂ “ಬಿಸ್ಲು ಸಾ” ಎನ್ನುತ್ತಿದ್ದ. ಮುಂದಿನ ಬೆಂಚಿನ ಗೌರಿ ತಮ್ಮನ ಜೊತೆ ಜಗಳವಾಡಿಕೊಂಡು ಬಂದ ದಿನ “ಗುಡ್ಗು ಸಾ, ಸಿಡ್ಲೂ ಅದೆ” ಎನ್ನುತ್ತಿದ್ದಳು. ಒಂದು ದಿನ ಅವಳೇ “ನಿಮ್ದೇನ್ ಸಾ?” ಎಂದು ಕೇಳಿದಳು. “ಮೇಷ್ಟ್ರ ಹವಾಮಾನ ಕೇಳೋ ಹಾಗಿಲ್ಲ, ಅದು ಇಲಾಖೆ ಗುಟ್ಟು” ಎಂದೆ. ಎಲ್ಲರೂ ನಕ್ಕರು.

ಬಾಗಿಲ ಪಕ್ಕ ಕೂರುತ್ತಿದ್ದ ಸೆಲ್ವಿ ಮಾತ್ರ ದಿನವೂ “ಮೋಡ ಸಾ” ಎನ್ನುತ್ತಿದ್ದಳು. ಅವಳು ಬರುತ್ತಿದ್ದದ್ದು ಹಳ್ಳದಾಚೆಯ ದೊಡ್ಡಿಯಿಂದ. ಹತ್ತು ಹನ್ನೆರಡು ಮನೆ ಇರುವ ಅಂಥ ಸಣ್ಣ ಊರಿಗೆ ನಮ್ಮ ಕಡೆ ದೊಡ್ಡಿ ಎನ್ನುತ್ತಾರೆ. ಅಲ್ಲಿ ಮನೆಯೊಳಗೆ ತಮಿಳು, ಹೊಸಿಲು ದಾಟಿದರೆ ಕನ್ನಡ. ಏಳನೇ ತರಗತಿಯಲ್ಲಿ ಆ ದೊಡ್ಡಿಯವಳು ಇವಳೊಬ್ಬಳೇ. ಎರಡು ಮೈಲಿ ನಡೆದು ಬಂದು, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಹತ್ತಿರವೇ ಕೂತುಬಿಡುತ್ತಿದ್ದಳು. ಲೆಕ್ಕದಲ್ಲಿ ಚುರುಕು. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಕೇಳದಿದ್ದರೆ ಇಲ್ಲ. “ಏನಮ್ಮ, ನಿಮ್ಮ ದೊಡ್ಡೀಲಿ ಸೂರ್ಯ ಹುಟ್ಟೋದೇ ಇಲ್ವಾ?” ಎಂದು ಒಮ್ಮೆ ಅಂದಿದ್ದೆ. ಅದಕ್ಕೂ ನಗು ಬಿದ್ದಿತ್ತು.

ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ ಚಿತ್ತೆ ಮಳೆ ಹಿಡಿಯಿತು. ನಮ್ಮ ಕಡೆ ಜೂನ್ ಮಳೆ ಬರೀ ಮುಖ ತೋರಿಸಿ ಹೋಗುತ್ತದೆ. ಬರುವ ಮಳೆಯೆಲ್ಲ ಈ ಹೊತ್ತಿನದೇ. ಹೊಲದಲ್ಲಿ ಮುರಿದು ಹಾಕಿದ ಮುಸುಕಿನ ಜೋಳ ನೆನೆಯದಂತೆ ಊರೆಲ್ಲ ಟಾರ್ಪಾಲು ಹುಡುಕುತ್ತಿತ್ತು. ಮೈದಾನ ಕೆಸರಾಗಿತ್ತು, ಕರೆಂಟು ಹೋಗಿತ್ತು, ಬೋರ್ಡು ಕಾಣುತ್ತಿರಲಿಲ್ಲ. ತರಬೇತಿಯಲ್ಲಿ ಹೇಳಿಕೊಟ್ಟಿದ್ದ ಎರಡನೇ ಆಟವನ್ನು ಆಡಿಸಿಯೇಬಿಡೋಣ ಎನ್ನಿಸಿತು. ಎಲ್ಲರೂ ಸುತ್ತ ಕೂರುವುದು. ಒಬ್ಬರು ದಾರದ ತುದಿ ಹಿಡಿದುಕೊಂಡು ಉಂಡೆಯನ್ನು ಇನ್ನೊಬ್ಬರಿಗೆ ಎಸೆಯುವುದು. ಎಸೆಯುವಾಗ ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳುವುದು. ಹೀಗೆ ದಾರ ಸುತ್ತಾಡಿ ಕೊನೆಗೆ ಎಲ್ಲರ ನಡುವೆ ಒಂದು ಬಲೆ ಆಗುತ್ತದೆ. ಅದಕ್ಕೆಂದೇ ನಾನು ಮನೆಯಿಂದ, ನೇಯಲು ಬರದ ತೊಡಕು ರೇಷ್ಮೆಯನ್ನು ಉಂಡೆ ಸುತ್ತಿ ತಂದಿದ್ದೆ. ಹಳದಿ, ಹಸಿರು, ಕುಂಕುಮ ಬಣ್ಣ ಎಲ್ಲ ಸೇರಿದ ಉಂಡೆ. ಅದನ್ನು ನೋಡಿ ಮಕ್ಕಳು ಹೋ ಎಂದರು.

ಆಟ ಚೆನ್ನಾಗಿಯೇ ನಡೆಯಿತು. “ಮಾದೇಶ ಕಬಡ್ಡಿ ಸಂದಾಕ್ ಆಡ್ತನೆ.” “ಗೌರಿ ಅಕ್ಸರ ಮುತ್ತಿನಂಗದೆ.” ಕೆಲವರ ಕೈಗೆ ಉಂಡೆ ಎರಡು ಮೂರು ಸಲ ಬಂತು. ಹುಡುಗರು ಹುಡುಗರಿಗೆ, ಹುಡುಗಿಯರು ತಮ್ಮ ಗೆಳತಿಯರಿಗೆ. ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ಉಂಡೆ ಕರಗಿ ಕರಗಿ ಕೊನೆಯ ಎಳೆ ಮಾದೇಶನ ಕೈಯಲ್ಲಿ ಮುಗಿಯಿತು. ಆಗ ಕಂಡಿತು. ಎಲ್ಲರ ಕೈಯಲ್ಲೂ ಎಳೆ ಇದೆ, ಬಾಗಿಲ ಪಕ್ಕದ ಒಬ್ಬಳ ಕೈಯಲ್ಲಿ ಇಲ್ಲ. ಸೆಲ್ವಿ ಎರಡೂ ಅಂಗೈಯನ್ನು ಮೇಲೆ ಮಾಡಿ ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದಳು, ಈಗ ಬಂದೀತು, ಆಗ ಬಂದೀತು ಎನ್ನುವ ಹಾಗೆ.

ಆ ಹೊತ್ತಿಗೆ ಒಬ್ಬ ಮೇಷ್ಟ್ರು ಮಾಡಬೇಕಾದ್ದು ಏನೆಂದು ಈಗ ನನಗೆ ಹತ್ತು ತರಹ ಹೊಳೆಯುತ್ತದೆ. ಆಗ ಹೊಳೆದದ್ದು ಒಂದೇ. “ಏನಮ್ಮ ಸೆಲ್ವಿ, ಇಷ್ಟು ದೊಡ್ಡ ಉಂಡೇಲಿ ನಿನ್ನ ಪಾಲಿಗೆ ಒಂದು ಒಳ್ಳೆ ಮಾತೂ ಮಿಗಲಿಲ್ವಲ್ಲ!” ಎಂದೆ. ತರಗತಿ ಗೊಳ್ಳೆಂದಿತು. ಸೆಲ್ವಿಯೂ ನಕ್ಕಳು. ಅದೇ ನನಗೆ ಮೋಸ ಮಾಡಿದ್ದು. ನಕ್ಕು, ಅಂಗೈ ಎರಡನ್ನೂ ಲಂಗದ ಮಡಿಲೊಳಗೆ ಇಟ್ಟುಕೊಂಡಳು.

ಮಾರನೇ ದಿನ ಅವಳು ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮಳೆ, ಹಳ್ಳ ತುಂಬಿರಬೇಕು ಎಂದುಕೊಂಡೆ. ನಾಲ್ಕನೇ ದಿನ ಹಾಜರಿ ಕೂಗುವಾಗ ಗೌರಿ ಎದ್ದು ನಿಂತಳು.

“ಅವ್ಳು ಇನ್ಮ್ಯಾಕೆ ಬರಾಕಿಲ್ವಂತೆ ಸಾ.”

“ಯಾಕಂತೆ?”

ಮಾದೇಶ ನೆಲ ನೋಡುತ್ತಾ, “ನೀವು ಅಂದ್ರಲ್ಲ ಸಾ, ಅದ್ಕೆ” ಎಂದ.

ಅವತ್ತೇ ಸಂಜೆ ಸ್ಕೂಟರ್ ಹತ್ತಿ ದೊಡ್ಡಿಗೆ ಹೋದೆ. ಹಳ್ಳದಲ್ಲಿ ಚಕ್ರ ನೆನೆಯುವಷ್ಟೇ ನೀರಿತ್ತು. ಕಂಕುಳಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ಹೋಗಿದ್ದೆ. ಅದನ್ನು ಕಂಡರೆ ಹೆದರುತ್ತಾರೆ ಎಂಬ ಹಳೆಯ ಲೆಕ್ಕ. ಜಗುಲಿಯ ಮೇಲೆ ಜೋಳದ ತೆನೆಯ ರಾಶಿ, ಅದರ ಹಿಂದೆ ಸೆಲ್ವಿ ಸಿಪ್ಪೆ ಸುಲಿಯುತ್ತಾ ಕೂತಿದ್ದಳು. ನನ್ನನ್ನು ಕಂಡು ತಲೆ ಎತ್ತಲಿಲ್ಲ. ಅವಳ ಅಜ್ಜಿ “ವಾಂಗ ಸಾಮಿ, ವಾಂಗ” ಎಂದು ಚಾಪೆ ಹಾಸಿದರು. ಸತತ ಗೈರುಹಾಜರಿ, ನಿಯಮ, ಮೇಲಿನವರಿಗೆ ವರದಿ ಎಂದು ನಾನು ಏನೇನೋ ಹೇಳಿದೆ. ಸೆಲ್ವಿಯ ತಾಯಿ ರಾಣಿ ಸಮಾಧಾನವಾಗಿ ಕೇಳಿಸಿಕೊಂಡರು.

“ಅವ್ಳೇ ಒಲ್ಲೆ ಅಂತಾಳೆ ಸಾ. ದೀಪಾವಳಿಗೆ ಸತ್ಯಮಂಗಲದಿಂದ ನಮ್ ನಾದ್ನಿ ಬತ್ತಾಳೆ. ಅವ್ಳಿಗೆ ಕೂಸು ಆಡ್ಸಕ್ಕೆ ಒಬ್ರು ಬೇಕಂತೆ, ಆಗಿಂದ ಕೇಳ್ತಾವ್ಳೆ. ಓದ್ತಾ ಅವ್ಳೆ ಅಂತ ನಾನು ಕಳಿಸ್ನಿಲ್ಲ. ಇಸ್ಕೂಲ್ಗೇ ಓಗ್ದಿದ್ರೆ ಇನ್ನೇನ್ ಮಾಡ್ಲಿ? ಕಳುಸ್ಬುಡ್ತೀನಿ.”

ದೀಪಾವಳಿಗೆ ಇನ್ನು ಮೂರು ವಾರ ಕೂಡ ಪೂರ್ತಿ ಇರಲಿಲ್ಲ. ಹೋದವಳು ಮತ್ತೆ ಏಳನೇ ತರಗತಿಗೆ ಬರುವ ಮಾತು ಸುಳ್ಳು ಎಂದು ನನಗೆ ಗೊತ್ತಿತ್ತು. ಆದರೂ ವಾಪಸು ಬರುವಾಗ ಒಂದು ನೆಪ ಸಿಕ್ಕಿದ ನೆಮ್ಮದಿಯೂ ಇತ್ತು ಎಂದು ಒಪ್ಪಿಕೊಳ್ಳಬೇಕು. ಹೆಡ್ ಮೇಡಂಗೆ “ಮನೆ ಪರಿಸ್ಥಿತಿ ಮೇಡಂ, ನಾವೇನ್ ಮಾಡೋಕಾಗುತ್ತೆ” ಎಂದೆ. ಅವರು ಕನ್ನಡಕ ಒರೆಸುತ್ತಾ, “ಮನೆ ಪರಿಸ್ಥಿತಿ ಜೂನಲ್ಲೂ ಅದೇ ಇತ್ತಲ್ಲ ಸಾರ್” ಎಂದರು. ಅಷ್ಟೇ ಅಂದದ್ದು.

ಶನಿವಾರ ಕೊಳ್ಳೇಗಾಲಕ್ಕೆ ಬಂದಾಗ ಚೀಲದಲ್ಲಿ ಆ ರೇಷ್ಮೆ ಇತ್ತು, ಮಕ್ಕಳು ಹೇಗೆ ಹೇಗೋ ಸುತ್ತಿ ಕೊಟ್ಟದ್ದು. ಅವ್ವ ಮಗ್ಗದಲ್ಲಿ ಕೂತಿದ್ದಳು. ಸೀರೆ ಮುಕ್ಕಾಲು ಆಗಿತ್ತು.

“ಇದೇನ್ಲಾ ಸೋಮ, ಬೆಕ್ಕು ಆಡ್ದಂಗೆ ಆಗದೆ?”

“ಮಕ್ಳಿಗೆ ಆಟ ಆಡಿಸ್ದೆ ಅವ್ವ. ಒಬ್ರಿಂದ ಒಬ್ರಿಗೆ ಉಂಡೆ ಎಸೆಯೋದು.”

ಲಾಳಿ ನಿಂತಿತು. “ನೂಲು ಎಸ್ದಾ? ನೇಯೋರ ಒಟ್ಟೇಲಿ ಉಟ್ಟಿ ನೂಲು ಎಸ್ದಾ? ನೂಲು ದಾಟ್ಬಾರ್ದು, ತುಳೀಬಾರ್ದು, ಎಸೀಬಾರ್ದು ಅಂತ ನಿಮ್ಮಪ್ಪ ಬಾಯ್ ಬಾಯ್ ಬಡ್ಕಂಡಿದ್ದು ಗಾಳಿಗೋಯ್ತಾ? ಒಬ್ರಿಗೆ ನೂಲು ಕೊಡ್ಬೇಕಂದ್ರೆ ಎದ್ದೋಗಿ ಕೈಗೆ ಕೊಡ್ಬೇಕು ಕಣ್ಲಾ.”

ನಿಜ. ನಮ್ಮ ಮನೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಬೇಕೆಂದರೆ ಅತ್ತಿಂದ ಇತ್ತ ಎಸೆದವರಿಲ್ಲ. ಚಿಕ್ಕಂದಿನಲ್ಲಿ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಹಾಸಿನ ಅಡಿಯಲ್ಲಿ ಬಗ್ಗಿ ನುಸುಳಿ ಹೋಗಿ ಅಪ್ಪನ ಕೈಗೆ ಕೊಡುತ್ತಿದ್ದೆ. ಮೇಷ್ಟ್ರಾದ ಮೇಲೆ ಅದನ್ನೆಲ್ಲ ಹೇಗೆ ಮರೆತೆನೋ. ಅವ್ವನ ಬೈಗುಳ ಮುಗಿಯಲಿ ಎಂದು ಕಾದು, ಉಳಿದದ್ದನ್ನೂ ಹೇಳಿಬಿಟ್ಟೆ. ಸೆಲ್ವಿಯದು, ನಾನು ಅಂದದ್ದು, ದೀಪಾವಳಿಯ ಮಾತು. ಅವ್ವ ತೊಡಕು ಬಿಡಿಸುತ್ತಾ ಕೇಳಿದಳು.

“ಆ ಎಣ್ಮಗ ಕೈ ನೀಡ್ಕಂಡು ಕೂತಿತ್ತಾ?”

“ಊಂ.”

“ಅದು ಬರ್ದಿದ್ರೂ ನೀನು ಪಾಟ ಮುಂದ್ಕೆ ಓಡುಸ್ತಾ ಇದ್ದೀಯಾ?”

“ಇನ್ನೇನ್ ಮಾಡ್ಲವ್ವ?”

“ಆಸಿನಲ್ಲಿ ಒಂದೆಳೆ ಕಿತ್ತೋದ್ರೆ ನಾನೇನ್ ಮಾಡ್ತೀನಿ? ಒಂದೆಳೆ ತಾನೆ ಅಂತ ನೇಯ್ತಾ ಓಯ್ತೀನಾ?”

ಉತ್ತರ ನನಗೆ ಗೊತ್ತಿತ್ತು. ನೇಯುತ್ತಾ ಹೋದರೆ ಸೀರೆಯ ಉದ್ದಕ್ಕೂ ಒಂದು ಗೆರೆ ಬೀಳುತ್ತದೆ, ಆಮೇಲೆ ಯಾರಿಂದಲೂ ಸರಿ ಮಾಡಲಾಗದು. ಮಗ್ಗ ನಿಲ್ಲಿಸಿ, ಕಿತ್ತ ತುದಿ ಹುಡುಕಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಜೋಡಿಸಬೇಕು. ಅವ್ವ ತೊಡಕು ಬಿಡಿಸಿದ ರೇಷ್ಮೆಯನ್ನು ಹೊಸದಾಗಿ ಉಂಡೆ ಸುತ್ತಿ, ಮಗ್ಗದಿಂದ ಎದ್ದು ಬಂದು ನನ್ನ ಕೈಯಲ್ಲಿಟ್ಟಳು.

ಸೋಮವಾರ ತರಗತಿಯಲ್ಲಿ ಹಾಜರಿ ಕೂಗುವ ಮೊದಲೇ, “ಇವತ್ತು ನನ್ನ ಹವಾಮಾನ ಮೊದಲು ಹೇಳ್ತೀನಿ. ಮಳೆ” ಎಂದೆ. ಮಕ್ಕಳು ಪಿಳಿಪಿಳಿ ನೋಡಿದರು. ಸೆಲ್ವಿಗೆ ನಾನು ಅಂದದ್ದು ತಪ್ಪು ಎಂದು ಹೇಳಿದೆ. ಇಪ್ಪತ್ತೊಂದು ಮಕ್ಕಳ ಎದುರು ಆ ಒಂದು ವಾಕ್ಯ ಹೇಳುವಷ್ಟರಲ್ಲಿ ನಾನು ಕೆಲಸದ ಇಂಟರ್‌ವ್ಯೂಗಿಂತ ಹೆಚ್ಚು ಬೆವರಿದೆ. ಆಮೇಲೆ, ಅವಳ ಬಗ್ಗೆ ನಿಜಕ್ಕೂ ಯಾರಿಗೂ ಏನೂ ಹೊಳೆಯಲಿಲ್ಲವಾ ಎಂದು ಕೇಳಿದೆ.

ಮಾದೇಶ ತಟ್ಟನೆ ಎದ್ದ. “ನಮ್ ಮೇಕೆಮರಿ ಅಳ್ಳಕ್ಕೆ ಬಿದ್ದಿದ್ದಾಗ ಅವ್ಳೇ ಎತ್ಕಂಡ್ ಬಂದಿದ್ದು ಸಾ.”

“ಮತ್ತೆ ಅವಳಿಗೆ ಯಾಕೋ ಎಸೀಲಿಲ್ಲ?”

“ಎಣ್ಣೈಕ್ಳಿಗೆ ಎಸುದ್ರೆ ಇವ್ರೆಲ್ಲ ರೇಗುಸ್ತಾರೆ ಸಾ.”

ಗೌರಿ ಉಗುರು ಕಚ್ಚುತ್ತಿದ್ದಳು. “ಅವ್ಳು ಬಾಗ್ಲ ತಾವ ಕೂತಿದ್ಲು ಸಾ. ಅಷ್ಟ್ ದೂರಕ್ಕೆ ನಂಗೆ ಎಸ್ಯಕ್ಕಾಗ್ನಿಲ್ಲ” ಎಂದಳು. ಹೇಳುತ್ತಿದ್ದ ಹಾಗೆ ಅವಳ ಕಣ್ಣು ತುಂಬಿತು.

ಅವ್ವ ಹೇಳಿದ್ದನ್ನು ಮಕ್ಕಳಿಗೆ ಹೇಳಿದೆ. ಇನ್ನು ಮೇಲೆ ನಮ್ಮ ತರಗತಿಯಲ್ಲಿ ನೂಲು ಎಸೆಯುವುದಿಲ್ಲ. ಎಷ್ಟೇ ದೂರವಿದ್ದರೂ ಎದ್ದು ನಡೆದು ಹೋಗಿ ಕೈಗೆ ಕೊಡುವುದು, ದಾರ ಅಡ್ಡ ಬಂದರೆ ದಾಟದೆ ಬಗ್ಗಿ ಹೋಗುವುದು. “ಅಂಗಾರೆ ಸೆಲ್ವಿಗೂ ಓಗಿ ಕೊಡದಾ ಸಾ?” ಎಂದು ಮಾದೇಶನೇ ಕೇಳಿದ. ಹೌದಲ್ಲ ಎನ್ನಿಸಿತು.

ಎಲ್ಲರನ್ನೂ ಕರೆದುಕೊಂಡು ಹೋದರೆ ಜಾತ್ರೆಯಾಗುತ್ತದೆ ಎಂದು ಹೆಡ್ ಮೇಡಂ ನಾಲ್ಕೇ ಮಕ್ಕಳನ್ನು ಒಪ್ಪಿದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೊರಟೆವು. ಅಂದು ನಾನು ಕೊಳ್ಳೇಗಾಲದ ಬಸ್ಸು ಹತ್ತಲಿಲ್ಲ. ನಾಲ್ಕು ಮಕ್ಕಳು ಒಂದು ಸ್ಕೂಟರಿನಲ್ಲಿ ಹಿಡಿಯುವುದಿಲ್ಲವಾದ್ದರಿಂದ ನಡೆದೇ ಹೋದೆವು. ಹಳ್ಳದಲ್ಲಿ ಈಗ ಮೊಣಕಾಲುದ್ದ ಕೆಂಪು ನೀರು. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಆಡುಮರಿಗಳ ಹಾಗೆ ದಾಟಿದರು. “ಚಪ್ಲಿ ಬುಟ್ಬುಡಿ ಸಾ” ಎಂದು ಗೌರಿ ಕೂಗಿದಳು. ನನಗೆ ಬಿಂಕ. ಮೇಷ್ಟ್ರು ಬರಿಗಾಲಲ್ಲಿ ಹೋಗುವುದೇ? ನಡು ಹಳ್ಳದಲ್ಲಿ ಕಾಲು ಜಾರಿ, ಸೊಂಟದವರೆಗೆ ನೆನೆದು, ಎದ್ದಾಗ ಬಲಗಾಲಿನ ಚಪ್ಪಲಿ ನೀರಿನಲ್ಲಿ ಹೋಗಿತ್ತು. ದೊಡ್ಡಿಯ ನಾಯಿಗಳೆಲ್ಲ ಬೊಗಳುತ್ತಿರಲು, ಒಂಟಿ ಚಪ್ಪಲಿಯಲ್ಲಿ, ಒದ್ದೆ ಪ್ಯಾಂಟಿನಲ್ಲಿ ಸೆಲ್ವಿಯ ಜಗುಲಿ ತಲುಪಿದೆ. ಈ ಸಲ ಕೈಯಲ್ಲಿ ಹಾಜರಿ ಪುಸ್ತಕ ಇರಲಿಲ್ಲ.

ಚಾಪೆಯ ಮೇಲೆ ಕೂರಲಿಲ್ಲ. ಕೂತರೆ ಧೈರ್ಯ ಹೋಗುತ್ತಿತ್ತು. “ಸೆಲ್ವಿ, ಅವತ್ತು ನಾನು ಆಡಿದ್ದು ತಪ್ಪು. ತಮಾಷೆ ಅಂದ್ಕೊಂಡೆ, ಅದು ತಮಾಷೆ ಆಗಿರಲಿಲ್ಲ. ತಪ್ಪಾಯ್ತಮ್ಮ” ಎಂದೆ.

ಕಿವಿ ಮಂದವಿದ್ದ ಅಜ್ಜಿ, ನಾನು ಏನು ಹೇಳುತ್ತಿದ್ದೇನೆಂದು ಸೊಸೆಯನ್ನು ಕೇಳಿದರು. “ಎನ್ನ ಸೊಲ್ರಾರು?”

“ತಪ್ಪು ಆಯ್ತು ಅಂತ ಸೊಲ್ರಾರು” ಎಂದರು ರಾಣಿ.

“ವಾದ್ಯಾರಾ?” ಮೇಷ್ಟ್ರು ಹಾಗನ್ನುತ್ತಾರೆಯೇ ಎಂದು ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಸೆಲ್ವಿ ನನ್ನ ಮುಖ ನೋಡಲಿಲ್ಲ, ನನ್ನ ಬಲಗಾಲು ನೋಡುತ್ತಿದ್ದಳು. ಗೌರಿ ಜೋಳದ ರಾಶಿ ಸುತ್ತಿ ಹೋಗಿ ರೇಷ್ಮೆ ಉಂಡೆಯನ್ನು ಅವಳ ಕೈಯಲ್ಲಿಟ್ಟು, “ಅದಿನೇಳರ ಮಗ್ಗಿ ನಂಗೆ ಬಂದಿದ್ದು ನಿನ್ನಿಂದ ಕಣೆ, ಸಾ ಇಂದ ಅಲ್ಲ” ಎಂದಳು. ಲೆಕ್ಕದ ಮೇಷ್ಟ್ರಿಗೆ ಬೇಕಾಗಿದ್ದ ಮಾತು. ಮಾದೇಶ ಮೇಕೆಮರಿಯದು ಹೇಳಿದ. ಉಳಿದ ಇಬ್ಬರೂ ಏನೋ ಹೇಳಿದರು. ಸೆಲ್ವಿ ಉಂಡೆ ಹಿಡಿದುಕೊಂಡೇ ಕೂತಿದ್ದಳು. “ಮಳೆ ಬತ್ತದೆ ಸಾ, ಒಂಟೋಗಿ, ಮಕ್ಳು ನೆಂದ್ಬುಟ್ಟವು” ಎಂದರು ರಾಣಿ. ಹೊರಟೆವು.

ಸೋಮವಾರ ಅವಳು ಬರಲಿಲ್ಲ. ಹಾಜರಿಯಲ್ಲಿ ಅವಳ ಹೆಸರು ಬಂದಾಗ, ಬಾಗಿಲು ನೋಡಿ, ಎರಡು ಉಸಿರಿನಷ್ಟು ಹೊತ್ತು ನಿಲ್ಲಿಸಿದೆ. ಮಂಗಳವಾರವೂ ಬರಲಿಲ್ಲ. ದೀಪಾವಳಿ ಆ ಭಾನುವಾರ. ನಾಲ್ಕೇ ದಿನಕ್ಕೆ ಸತ್ಯಮಂಗಲದಿಂದ ಅವಳ ಅತ್ತೆ ಬರುತ್ತಾಳೆ ಎಂದು ನಾನು ಬೋರ್ಡಿಗೆ ಮುಖ ಮಾಡಿ ನಿಂತಾಗಲೆಲ್ಲ ನೆನಪಾಗುತ್ತಿತ್ತು. ಮಕ್ಕಳು ಕೂಡ ಪಿಸುಮಾತಿನಲ್ಲಿ ದಿನ ಎಣಿಸುತ್ತಿದ್ದರು. ಬುಧವಾರ ಮತ್ತೆ ಕೂಗಿದೆ. “ಸೆಲ್ವಿ?” ನಿಲ್ಲಿಸಿದೆ. ಹೊರಗೆ ತುಂತುರು. ಯಾರೂ ಇಲ್ಲ. ಮುಂದಿನ ಹೆಸರಿಗೆ ಬಾಯಿ ತೆರೆದಿದ್ದೆ.

“ಮೋಡ ಸಾ.”

ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಗೊಬ್ಬರದ ಚೀಲ ಗುಬುರು ಹಾಕಿಕೊಂಡಿದ್ದಳು, ಕೆಸರು ಮೊಣಕಾಲವರೆಗೆ. ಒಂದು ಕೈಯಲ್ಲಿ ರೇಷ್ಮೆ ಉಂಡೆ, ಇನ್ನೊಂದು ಕೈಯಲ್ಲಿ ಮಣ್ಣು ತುಂಬಿದ ನನ್ನ ಬಲಗಾಲಿನ ಚಪ್ಪಲಿ.

“ಅಳ್ಳದ ಕೆಳ್ಗಡೆ ಒಂಗೆಮರದ ಬೇರ್ಗೆ ಸಿಕ್ಕಾಕಂಡಿತ್ತು ಸಾ” ಎಂದಳು. ಆಮೇಲೆ ಸ್ವಲ್ಪ ತಡೆದು, “ವಸಿ ಬಿಸ್ಲೂ ಅದೆ” ಎಂದಳು.

ಆ ಕ್ಷಣ ನನಗಾದ ಹಗುರವನ್ನು ಹೇಗೆ ಹೇಳಲಿ? ಹತ್ತಾರು ದಿನ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದ ಹಾಗಾಯಿತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಹಾ' ಎಂದು ಬರೆಯಲು ಹೋಗಿ ಕೆಳಗಿನ ಹೆಸರಿನ ಮನೆಯಲ್ಲಿ ಬರೆದೆ, ಅದನ್ನು ಹೊಡೆದು ಹಾಕಿ ಸರಿಯಾಗಿ ಬರೆದೆ. ಕಣ್ಣು ಮಂಜಾಗಿತ್ತು. ಮಾದೇಶ “ಸಾ, ನಿಮ್ದು ಮಳೆನಾ ಬಿಸ್ಲಾ?” ಎಂದ. “ಎರಡೂ ಕಣೋ, ಕೂತ್ಕೊ” ಎಂದೆ.

ದೀಪಾವಳಿಗೆ ಅತ್ತೆ ಬಂದಳು, ಎರಡು ದಿನ ಇದ್ದಳು, ಒಂದು ಮೂಟೆ ಮುಸುಕಿನ ಜೋಳ ತೆಗೆದುಕೊಂಡು ಹೋದಳು. ಸೆಲ್ವಿಯನ್ನು ಕರೆದುಕೊಂಡು ಹೋಗಲಿಲ್ಲ. “ಅವ್ಳ ವಾದ್ಯಾರು ಅಳ್ಳದಾಗೆ ಬಿದ್ದು ಎದ್ದು ಬಂದು ಕರ್ದವ್ರೆ, ಎಂಗೆ ಕಳಿಸ್ಲಿ?” ಎಂದರಂತೆ ರಾಣಿ. ಹಬ್ಬ ಮುಗಿದ ಮೇಲೆ ಬಂದ ಸೆಲ್ವಿಯೇ ಇದನ್ನು ಗೌರಿಗೆ ಹೇಳಿ, ಗೌರಿ ಶಾಲೆಗೆಲ್ಲ ಹೇಳಿದ್ದಳು. ನಾನು ಹಳ್ಳದಲ್ಲಿ ಬಿದ್ದ ಕತೆ ಶಾಗ್ಯದವರೆಗೆ ಹೋಯಿತು. ಬಸ್ಸಿನಲ್ಲಿ ಮುಳ್ಳೂರಿನ ಡ್ರಿಲ್ ಮೇಷ್ಟ್ರು ಸಿಕ್ಕಿ, “ಕುಂಟೆಬಿಲ್ಲೆ ಆಡುದ್ರಂತಲ್ಲ, ಒಂಟಿಗಾಲಲ್ಲಿ?” ಎಂದು ಬಿದ್ದು ಬಿದ್ದು ನಕ್ಕರು. ನಗಲಿ ಬಿಡಿ ಎನ್ನಿಸಿತು.

ನನ್ನ ನಾಲಿಗೆ ಸಂಪೂರ್ಣ ನೆಟ್ಟಗಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ವರ್ಷವೇ ಇನ್ನೂ ಎರಡು ಸಲ ಜಾರಿತು. ಆದರೆ ಬೆಳಿಗ್ಗೆ ನನ್ನ ಹವಾಮಾನವನ್ನೂ ಹೇಳುವುದು ರೂಢಿಯಾಗಿತ್ತು. ನಾನು ‘ಗುಡುಗು’ ಎಂದ ದಿನ ಮಕ್ಕಳು ನನ್ನನ್ನು ಹುಷಾರಾಗಿ ನೋಡಿಕೊಳ್ಳುತ್ತಿದ್ದರು. ಭಾಗಾಕಾರ ತಪ್ಪಾದರೆ “ಸಾ, ಇವತ್ತು ಗುಡ್ಗು ನಿಮ್ದು, ನಾಳೆ ತೋರುಸ್ತೀನಿ” ಎನ್ನುತ್ತಿದ್ದರು.

ಮಾರ್ಚಿನಲ್ಲಿ ಪರೀಕ್ಷೆಗೆ ಮುಂಚೆ ಕೊನೆಯ ಸಲ ನೂಲಿನ ಆಟ ಆಡಿಸಿದೆ. ಬಿಸಿಲು ಏರಿತ್ತು, ಬೇವು ಹೂ ಬಿಟ್ಟಿತ್ತು, ಕಿಟಕಿಯಿಂದ ಅದರ ವಾಸನೆ. ಅದೇ ರೇಷ್ಮೆ ಉಂಡೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು, ದಾರದ ಅಡಿಯಲ್ಲಿ ಬಗ್ಗಿ, ನುಸುಳಿ, ಎದುರಿನವರ ಕೈಗೆ ಕೊಟ್ಟು, ಹೇಳಬೇಕಾದ್ದನ್ನು ಮುಖ ನೋಡಿ ಹೇಳುತ್ತಿದ್ದರು. ಹೀಗಾಡಿದರೆ ಆಟ ನಿಧಾನ. ಎರಡು ಪೀರಿಯಡ್ಡು ಹಿಡಿಯುತ್ತದೆ. ಮಾದೇಶ ಮೂರು ಹುಡುಗಿಯರಿಗೆ ಕೊಟ್ಟ, ಯಾರೂ ರೇಗಿಸಲಿಲ್ಲ. ನಾನು ಎಂದಿನಂತೆ ಗೋಡೆಗೆ ಒರಗಿ ನಿಂತಿದ್ದೆ. ಉಂಡೆ ಕರಗುತ್ತಾ ಬಂದು ಸೆಲ್ವಿಯ ಕೈ ಸೇರಿತು. ಎಲ್ಲರ ಕೈಯಲ್ಲೂ ಎಳೆ ಇತ್ತು. ಇನ್ನು ಯಾರೂ ಉಳಿದಿಲ್ಲ, ಆಟ ಮುಗಿಯಿತು ಎಂದು ನಾನು ಗಡಿಯಾರ ನೋಡಿದೆ.

ಸೆಲ್ವಿ ಎದ್ದಳು. ಬಗ್ಗಿ, ನುಸುಳಿ, ವೃತ್ತದಿಂದ ಹೊರಗೆ ಬಂದು, ನಾನು ನಿಂತಿದ್ದ ಗೋಡೆಯವರೆಗೆ ನಡೆದು ಬಂದಳು.

“ಕೈ ನೀಡಿ ಸಾ.”

ಅವತ್ತಿನವರೆಗೆ ಎಷ್ಟು ಸಲ ಈ ಆಟ ಆಡಿಸಿದ್ದೆನೋ. ನನ್ನ ಕೈಗೆ ಒಮ್ಮೆಯೂ ಎಳೆ ಬಂದಿರಲಿಲ್ಲ. ಬಂದಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಚಾಚಿದೆ. ಅವಳು ಉಂಡೆಯನ್ನು ಅಂಗೈ ನಡುವೆ ಇಟ್ಟಳು. ಇನ್ನು ಒಳ್ಳೆಯ ಮಾತು ಹೇಳಬೇಕು. ಯೋಚಿಸಿದಳು. ತರಗತಿಯೆಲ್ಲ ಕಾಯುತ್ತಿತ್ತು. ನಾನು ಮಕ್ಕಳಿಗಿಂತ ಹೆಚ್ಚು ಕಾಯುತ್ತಿದ್ದೆ.

“ನಮ್ ಸಾ ಬಾಯಿ ಬಾಳ ಕೆಟ್ಟದು” ಎಂದಳು.

ಗೌರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಆದ್ರೆ ಕೆಟ್ಟದು ಅಂತ ಅವ್ರಿಗೂ ಗೊತ್ತು. ಗೊತ್ತಾದ್ಮ್ಯಾಕೆ ನಮ್ಮನೆಗಂಟ ನಡ್ಕಂಡ್ ಬಂದ್ರು.”

ಯಾರೂ ನಗಲಿಲ್ಲ. ನನಗೆ ಸಿಕ್ಕಿರುವ ಸರ್ಟಿಫಿಕೇಟುಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಸೆಲ್ವಿ ಈಗ ಹನೂರಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ಅವಳಿಗೆ ಇದು ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ನಾನು ಮಾತ್ರ ಆ ದಿನ ಎಳೆ ಹಿಡಿದು ನಿಂತೇ ಇದ್ದೆ. ಊಟದ ಗಂಟೆ ಹೊಡೆಯಿತು, ತಟ್ಟೆಗಳ ಸದ್ದು ಶುರುವಾಯಿತು, ಮಕ್ಕಳು ಒಬ್ಬೊಬ್ಬರಾಗಿ ಕೈಯ ಎಳೆಯನ್ನು ಜೋಪಾನವಾಗಿ ನೆಲಕ್ಕಿಟ್ಟು, ದಾಟದೆ ಸುತ್ತಿಕೊಂಡು ಹೊರಗೆ ಹೋದರು. ಕೊನೆಗೆ ಸೆಲ್ವಿಯೇ ಬಾಗಿಲಿಂದ ತಿರುಗಿ ನೋಡಿ ಹೇಳಿದಳು.

“ಸಾಂಬಾರ್ ತಣ್ಣಗಾಯ್ತದೆ ಸಾ, ಬುಟ್ಟು ಬನ್ನಿ.”